ಸೂರು ಮೇಯ್ದ ವರ್ಷ

ಒಂಟೆ ಮೇಕೆ ಕಾಯುವವರ ತುರ್ಕಾನಾ ಸೀಮೆಯಲ್ಲಿ ವರ್ಷಕ್ಕೆ ಅಂಕಿ ಹಾಕುವುದು ಕಚೇರಿಯವರ ಕೆಲಸ. ಉಳಿದವರೆಲ್ಲ ವರ್ಷವನ್ನು ಹೆಸರು ಹಿಡಿದೇ ಕರೆಯುತ್ತಾರೆ. ಕತ್ತೆಗಳೂ ಕೂತುಬಿಟ್ಟ ವರ್ಷ, ಚರ್ಮ ಬೇಯಿಸಿದ ವರ್ಷ, ಹೊಳೆ ಎರಡು ಸಲ ಬಂದ ವರ್ಷ. ನಿನ್ನ ಮಗ ಯಾವಾಗ ಹುಟ್ಟಿದ ಎಂದು ಕೇಳಿದರೆ ಇಂಥದೊಂದು ಹೆಸರು ಹೇಳಿ ಸುಮ್ಮನಾಗುತ್ತಾರೆ, ಕೇಳಿದವರಿಗೂ ಅಷ್ಟು ಸಾಕು. ಆ ಹೆಸರನ್ನು ಯಾರೂ ಸಭೆ ಸೇರಿಸಿ ಇಡುವುದಿಲ್ಲ. ಅದು ಎಲ್ಲಿಂದಲೋ ಹೊರಟು ಬಾಯಿಂದ ಬಾಯಿಗೆ ದಾಟಿ ನಿಂತುಬಿಡುತ್ತದೆ. ನಿಂತ ಮೇಲೆ ಅಳಿಸುವುದು ಯಾರ ಕೈಯಲ್ಲೂ ಇಲ್ಲ. ಮಕ್ಕಳಿಗೆ ಹೆಸರಿಡುವಾಗಲೂ ಮೊದಲು ಆಕಾಶದ ಕಡೆ ನೋಡುವ ಜನ ಇವರು. ಮಳೆ ಸುರಿಯುವಾಗ ಹುಟ್ಟಿದವಳು ಅಕಿರು, ಗಾಳಿ ಬೀಸುವಾಗ ಹುಟ್ಟಿದವಳು ಅಕುವಾಮ್.

ನಾಚೊಮಿನ್ ಹಟ್ಟಿಯ ಅಕುವಾಮ್ ಹುಟ್ಟಿದ ದಿನ ಎಂಥ ಗಾಳಿ ಎಂದರೆ, ಮಗುವಿಗೆ ಸುತ್ತಬೇಕೆಂದು ತೆಗೆದಿಟ್ಟ ಬಟ್ಟೆಯೇ ಹಾರಿಹೋಗಿತ್ತಂತೆ. ಗಾಳಿ ಅವಳ ಬಾಯಿಗೆ ಹೊಕ್ಕಿದ್ದು ಆಮೇಲೆ ಹೊರಬರಲೇ ಇಲ್ಲ ಎಂದು ಅವಳ ತಾಯಿ ಹೇಳುತ್ತಿದ್ದಳು. ಮಾತಿಗೆ ಮಾತು ಕೊಡದೆ ಬಿಟ್ಟವಳಲ್ಲ. ಎಕಿದೋರನಿಗೆ ಎರಡನೆಯ ಹೆಂಡತಿಯಾಗಿ ಬಂದ ದಿನವೇ ಹಿರಿಯ ಹೆಂಡತಿ ನಪೆಯೊಕ್, "ಬಾಯಿ ಸಣ್ಣದು ಮಾಡ್ಕೊಂಡು ಇರ್ಬೇಕು ಈ ಮನೇಲಿ" ಎಂದಿದ್ದಕ್ಕೆ, "ನಿನ್ನ ಗುಡಿಸಲ ಬಾಗಿಲಷ್ಟು ಸಣ್ಣದು ಮಾಡಿದ್ರೆ ಸಾಕಾ ಅಕ್ಕ?" ಎಂದು ಕೇಳಿದವಳು. ಇಬ್ಬರ ಗುಡಿಸಲುಗಳ ನಡುವೆ ಒಂದು ಕೊರಕಲು ಇತ್ತು. ಮಳೆ ಬಂದರೆ ಅದರಲ್ಲಿ ನೀರು ಹರಿಯಬೇಕು. ಅಕುವಾಮ್ ಬಂದ ಮೇಲೆ ಅದರಲ್ಲಿ ಬೈಗುಳವೇ ಹೆಚ್ಚು ಹರಿದಿತ್ತು.

ನಪೆಯೊಕ್‌ಗೆ ಒಂದೇ ಹುಚ್ಚು, ಅವಳ ಸೂರು. ಅಲ್ಲಿ ಮನೆ ಕಟ್ಟುವವರು ಹೆಂಗಸರೇ. ಕೋಲು ಬಗ್ಗಿಸಿ ನೆಟ್ಟು, ಮೇಲೆ ತಾಳೆಗರಿಯನ್ನು ಪದರ ಪದರವಾಗಿ ಹೊದಿಸಿ, ನಾರಿನಿಂದ ಬಿಗಿಯುತ್ತಾರೆ. ನಪೆಯೊಕ್ ಬಿಗಿದರೆ ಒಂದು ಗರಿ ಅಲುಗುತ್ತಿರಲಿಲ್ಲ. ಮಳೆ ಬರಲಿ ಬಿಡಲಿ, ಎರಡು ಕಾಲಕ್ಕೊಮ್ಮೆ ಹಳೆ ಗರಿ ಕಿತ್ತು ಹೊಸದು ಹೊದಿಸುತ್ತಿದ್ದಳು. ಅಕುವಾಮ್‌ಗೆ ಇದ್ದಿದ್ದು ಮೇಕೆಗಳ ಹುಚ್ಚು. ತಾಯಿ ಕೊಟ್ಟ ಒಂದು ಕಪ್ಪು ಮೂತಿಯ ಮೇಕೆಯಿಂದ ದೊಡ್ಡಿ ತುಂಬುವಷ್ಟು ಮಾಡಿಕೊಂಡಿದ್ದಳು. ಅವುಗಳಲ್ಲಿ ಒಂದು ಮಾತ್ರ ಮನೆಹಾಳು ಮೇಕೆ. ಬೇಲಿ ನುಸುಳಿ ಹೋಗಿ ಕಂಡವರ ಮನೆಯ ಮೆಕ್ಕೆಜೋಳದ ಚೀಲಕ್ಕೆ ಬಾಯಿ ಹಾಕುತ್ತಿತ್ತು. ಅದರ ಹೆಸರೇ ಕಳ್ಳಿ.

ಆ ಸಲ ದೊಡ್ಡ ಮಳೆ ಬರಲಿಲ್ಲ. ಅದರ ಹಿಂದಿನ ಸಣ್ಣ ಮಳೆಯೂ ಬಂದಿರಲಿಲ್ಲ, ಅದಕ್ಕೂ ಹಿಂದಿನದು ಬಂದಿತ್ತೋ ಇಲ್ಲವೋ ಎಂದು ಜನ ವಾದ ಮಾಡುವ ಹಾಗಾಗಿತ್ತು. ಪಡುವಣ ಬೆಟ್ಟದ ನೆತ್ತಿಯ ಮೇಲೆ ಸಂಜೆಗೆ ಮೋಡ ಕಟ್ಟುವುದು, ಒಂದೆರಡು ಸಲ ಮಿಂಚುವುದು, ಬೆಳಿಗ್ಗೆ ಎದ್ದು ನೋಡಿದರೆ ಏನೂ ನಡೆದೇ ಇಲ್ಲವೆಂಬಂತೆ ಬೋಳು ಆಕಾಶ. ಹೊತ್ತೇರುವ ಮುಂಚೆಯೇ ಕಲ್ಲುಗಳು ಕಾದು ಬರಿಗಾಲಲ್ಲಿ ಇಡುವಂತಿರಲಿಲ್ಲ. ಮಧ್ಯಾಹ್ನದ ಗಾಳಿ ಒಲೆಯ ಬಾಯಿಂದ ಬಂದ ಹಾಗೆ ಬರುತ್ತಿತ್ತು. ಒಣ ಹೊಳೆಯ ಮರಳಲ್ಲಿ ಒರತೆ ತೋಡುತ್ತ ತೋಡುತ್ತ, ಕೊನೆಗೆ ಒಬ್ಬಳ ಹೆಗಲ ಮೇಲೆ ಒಬ್ಬಳು ನಿಂತು ನೀರು ಮೇಲೆತ್ತುವಷ್ಟು ಆಳಕ್ಕೆ ಇಳಿದಿದ್ದರು. ಹೊಳೆಯ ದಂಡೆಯ ತಾಳೆಮರಗಳನ್ನು ಕೈಗೆ ಎಟುಕುವಷ್ಟು ಎತ್ತರಕ್ಕೂ ಒಂಟೆಯ ಬಾಯಿಗೆ ಎಟುಕುವಷ್ಟು ಎತ್ತರಕ್ಕೂ ಬೋಳಿಸಿ ಆಗಿತ್ತು.

ಎಕಿದೋರ ಒಂಟೆಗಳನ್ನು ಹೊಡೆದುಕೊಂಡು ಬೆಟ್ಟಕ್ಕೆ ಹೊರಟ. ಮಗ ಎಬೆಯ್, ಅಕುವಾಮ್‌ನ ಹೊಟ್ಟೆಯಲ್ಲಿ ಹುಟ್ಟಿದವನು, ಅವನ ಜೊತೆ. ಎಬೆಯ್‌ಗೆ ಕೆಳಹೊಳೆಯ ಕಡೆಯ ಒಂದು ಹುಡುಗಿಯನ್ನು ಗೊತ್ತು ಮಾಡಿತ್ತು. ಮಳೆ ಬಿದ್ದು ಹುಲ್ಲು ಚಿಗುರಿದಾಗ ಹೆಣ್ಣಿನ ತೆರಕ್ಕೆ ಮೇಕೆ ಹೊಡೆದುಕೊಂಡು ಬನ್ನಿ, ಮದುವೆ ಮಾತು ಮುಗಿಸೋಣ ಎಂದು ಅವಳ ಅಪ್ಪ ಹೇಳಿ ಕಳಿಸಿದ್ದ.

"ಒಂಟೆ ನನ್ನ ಪಾಲು, ಮೇಕೆ ನಿನ್ನ ಪಾಲು" ಎಂದ ಎಕಿದೋರ. "ಮಳೆ ಬರೋವರೆಗೆ ಅವು ಉಸಿರು ಹಿಡ್ಕೊಂಡಿದ್ರೆ ನಮ್ಮ ಹುಡುಗನ ಮದುವೆ ಆದ ಹಾಗೇ."

"ಒಂಟೆಗಳು ನಿಮ್ಮನ್ನ ಬಿಟ್ಟು ಓಡಿ ಹೋಗದ ಹಾಗೆ ನೋಡ್ಕೊಳ್ಳಿ, ಸಾಕು. ಮೇಕೆ ಚಿಂತೆ ನಿಮಗ್ಯಾಕೆ?"

ಎಬೆಯ್ ನಕ್ಕ. "ಅವ್ವ, ಕಳ್ಳೀನೂ ಲೆಕ್ಕಕ್ಕೆ ಸೇರಿಸ್ತೀಯಾ? ಆ ಮನೆಯವ್ರು ಹುಡುಗೀನ ವಾಪಸ್ ಕರ್ಕೊಂಡು ಹೋಗ್ತಾರೆ ಅಷ್ಟೆ."

ಚಿಂತೆ ಯಾಕೆ ಎಂದವಳಿಗೆ ಆಮೇಲೆ ಚಿಂತೆಯಲ್ಲದೆ ಬೇರೆ ಇರಲಿಲ್ಲ. ಜಾಲಿಯ ಕಾಯಿ ಮುಗಿಯಿತು. ಪೇಟೆಯಿಂದ ಬಂದ ರಟ್ಟಿನ ಡಬ್ಬಿಗಳನ್ನೂ ಹರಿದು ಹಾಕಿದ್ದಾಯಿತು. ಬರದ ನೆರವೆಂದು ಹಂಚಿದ ಮೆಕ್ಕೆಜೋಳದಲ್ಲಿ ತನ್ನ ಪಾಲಿನ ಅರ್ಧ ಮೇಕೆಗಳಿಗೆ ಹಾಕಿ, ಉಳಿದರ್ಧವನ್ನು ತಾನು ಗಂಜಿ ಮಾಡಿ ಕುಡಿಯುತ್ತಿದ್ದಳು. ಒಂದು ಮಧ್ಯಾಹ್ನ ಕಳ್ಳಿ ಅವಳ ಗುಡಿಸಲ ಅಂಚಿಗೆ ಮುಂಗಾಲು ಕೊಟ್ಟು ನಿಂತು ಒಂದು ಗರಿ ಎಳೆಯಿತು. ಅಕುವಾಮ್ ಹೊಡೆಯಲು ಕೋಲೆತ್ತಿದಳು. ಎತ್ತಿದ ಕೋಲು ಹಾಗೇ ನಿಂತಿತು. ಮೇಕೆ ಆ ಒಣ ಗರಿಯನ್ನು ಸಾವಕಾಶವಾಗಿ ಅಗಿದು ನುಂಗುತ್ತಿತ್ತು.

ಅಂದು ಸಂಜೆಯೇ ಅವಳು ಸೂರಿನ ಮೊದಲ ಪದರ ಕಿತ್ತಳು. ಗರಿಗಳನ್ನು ಕಲ್ಲಿನ ಮೇಲಿಟ್ಟು ಜಜ್ಜಿ ನಾರು ಬಿಡಿಸಿ, ಉಪ್ಪುಮಣ್ಣು ಕದಡಿದ ನೀರಲ್ಲಿ ನೆನೆಹಾಕಿ, ಮಾರನೆಯ ದಿನ ಮೇಕೆಗಳ ಮುಂದೆ ಇಟ್ಟಳು. ಮೊದಲು ಮೂಸಿ ಹಿಂದೆ ಸರಿದವು, ಆಮೇಲೆ ತಿಂದವು. ತಿಂದು ಬದುಕಿದವು. ಪಕ್ಕೆಲುಬು ಕಾಣುತ್ತಿದ್ದರೂ ಎದ್ದು ನಿಲ್ಲುತ್ತಿದ್ದವು. ಆ ಹೊತ್ತಿಗೆ ಅಕ್ಕಪಕ್ಕದ ದೊಡ್ಡಿಗಳಲ್ಲಿ ದಿನಾ ಒಂದೋ ಎರಡೋ ಏಳದೆ ಉಳಿಯುತ್ತಿದ್ದವು. ನಪೆಯೊಕ್‌ನ ಮೇಕೆಗಳಂತೂ ಆಗಲೇ ಎಲ್ಲ ಹೋಗಿದ್ದವು. ಅವಳು ಖಾಲಿ ದೊಡ್ಡಿಯ ಪಕ್ಕ, ಗಟ್ಟಿ ಸೂರಿನ ಕೆಳಗೆ ಕೂತು ಸವತಿಯ ಕೆಲಸ ನೋಡುತ್ತಿದ್ದಳು.

"ಮನೇನ ಮೇಯಿಸ್ತಿದ್ದೀಯಲ್ಲೇ" ಎಂದಳು ಕೊರಕಲಿನ ಆಚೆಯಿಂದ. "ನಾಳೆ ಮಳೆ ಬಂದ್ರೆ?"

"ಮಳೆ ಬಂದ್ಮೇಲೆ ಸೂರು ಯಾರಿಗೆ ಬೇಕಕ್ಕ?" ಎಂದಳು ಅಕುವಾಮ್. "ನೀನು ಹೋಗಿ ಒಳಗೆ ಬಚ್ಚಿಟ್ಕೋ, ನಾನು ಹೊರಗೆ ಕುಣೀತೀನಿ."

ಒರತೆಯ ಹತ್ತಿರ ಈ ಮಾತು ಕೇಳಿದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಹಸಿದ ಕಾಲದಲ್ಲಿ ಒಂದು ಒಳ್ಳೆಯ ಮಾತು ಊಟದಷ್ಟೇ ದೂರ ಓಡಾಡುತ್ತದೆ. ಯಾರಾದರೂ ಯಾವುದಕ್ಕಾದರೂ ಹಿಂದೆಮುಂದೆ ನೋಡಿದರೆ, "ಮಳೆ ಬಂದ್ಮೇಲೆ ಸೂರು ಯಾರಿಗೆ ಬೇಕು" ಎನ್ನುವುದು ರೂಢಿಯಾಯಿತು. ಮಾತಿನ ಹಿಂದೆಯೇ ಕೆಲಸವೂ ಬಂತು. ಒಬ್ಬಳು ಗುಟ್ಟಾಗಿ ಅರ್ಧ ಸೂರು ಕಿತ್ತಳು, ಇನ್ನೊಬ್ಬಳು ರಾಜಾರೋಷವಾಗಿ ಪೂರ್ತಿ ಕಿತ್ತಳು. ಮೇಲಿನ ಹಟ್ಟಿಯ ಹೆಂಗಸರು ಗರಿ ಜಜ್ಜುವುದು ಹೇಗೆಂದು ನೋಡಲು ಬಂದರು. ಅಕುವಾಮ್ ಕಲ್ಲಿನ ಮುಂದೆ ಕೂತು ಹೇಳಿಕೊಟ್ಟಳು. ಜೀವಮಾನದಲ್ಲಿ ಮೊದಲ ಸಲ ಅವಳ ಬಾಯಿಗೆ ಹೆದರಿ ಅಲ್ಲ, ಅವಳ ಬುದ್ಧಿಗೆ ಬೆಲೆ ಕೊಟ್ಟು ಜನ ಬಂದಿದ್ದರು. ಅದರಿಂದ ಅವಳಿಗೆ ಆದ ಸಂತೋಷ ಸುಳ್ಳಲ್ಲ, ಅದನ್ನು ಯಾರೂ ಅವಳಿಂದ ಕಿತ್ತುಕೊಳ್ಳಬೇಕಾಗಿಯೂ ಇಲ್ಲ. ನಾಚೊಮಿನ್‌ನಲ್ಲಿ ಕೊನೆಗೆ ಪೂರ್ತಿ ಸೂರು ಉಳಿದದ್ದು ನಪೆಯೊಕ್‌ನದು ಒಂದೇ. ಜಿಪುಣಿ, ಗರಿಗೂ ಗತಿಯಿಲ್ಲದವಳ ಹಾಗೆ ಆಡ್ತಾಳೆ ಎಂದು ಎಲ್ಲರೂ ಮೂಗು ಮುರಿದರು. ಕಳ್ಳಿ ಮಾತ್ರ ಆ ಸೂರಿನ ಮೇಲೂ ಕಣ್ಣಿಟ್ಟು ದಿನಾ ಕೊರಕಲು ದಾಟಿ ಹೋಗಿ ಏಟು ತಿಂದು ಬರುತ್ತಿತ್ತು.

ಹಟ್ಟಿಯ ಹಿರಿಯ, ಲೊಮೂರಿಯ ಎಂಬ ತಾತ, ಮರದ ಕೆಳಗೆ ಚಪ್ಪಲಿ ಎಸೆದು ಶಕುನ ನೋಡುತ್ತಿದ್ದ. ಹಳೇ ಟೈರಿನ ಚಪ್ಪಲಿ, ಬಿದ್ದ ರೀತಿ ನೋಡಿ ಮಳೆಯೋ, ದನಗಳ್ಳರೋ, ನೆಂಟರೋ ಎಂದು ಹೇಳುವವನು.

"ಬರುತ್ತೆ" ಎಂದ ಒಂದು ದಿನ. "ಈ ಚಂದ್ರ ಮುಗಿಯೋದ್ರೊಳಗೆ ಮಳೆ ಬರುತ್ತೆ."

"ಹೋದ ಸಲವೂ ನಿನ್ನ ಚಪ್ಪಲಿ ಇದನ್ನೇ ಹೇಳಿತ್ತಲ್ಲ ತಾತ" ಎಂದಳು ಅಕುವಾಮ್.

"ಅದು ಬೇರೆ ಟೈರು ಕಣಮ್ಮ."

ಮಳೆ ಬಂದೇ ಬಂತು. ಅಂದು ಮಧ್ಯಾಹ್ನ ಮೊದಲು ಗಾಳಿ ನಿಂತಿತು. ಆ ಸೀಮೆಯಲ್ಲಿ ಗಾಳಿ ನಿಂತರೆ ಮಾತಾಡುತ್ತಿದ್ದವರೂ ಮಾತು ನಿಲ್ಲಿಸಿ ಕಿವಿಗೊಡುತ್ತಾರೆ. ಬೆಟ್ಟದ ಮೇಲಿನ ಮೋಡ ಈ ಸಲ ಅಲ್ಲೇ ಕೂರಲಿಲ್ಲ. ಬಯಲಿಗೆ ಇಳಿದು, ಕಪ್ಪಾಗಿ, ನೆಲಕ್ಕೆ ತಾಗುವಂತೆ ನಡೆದು ಬಂತು. ಅದರ ಮುಂದೆ ತಣ್ಣನೆಯ ಗಾಳಿ, ಒದ್ದೆ ಮಣ್ಣಿನ ವಾಸನೆ. ಮೊದಲ ಹನಿಗಳು ದೂಳಿನಲ್ಲಿ ಗುಳಿ ಮಾಡಿದವು. ಆಮೇಲೆ ಆಕಾಶವೇ ತೂತುಬಿದ್ದಂತೆ ಸುರಿಯಿತು.

ಮೊದಲ ಮಳೆಗೆ ನಾಚೊಮಿನ್‌ನಲ್ಲಿ ಯಾರೂ ಒಳಗೆ ಓಡುವುದಿಲ್ಲ. ಅಕುಜ್, ಆಕಾಶವೂ ಆದ ದೇವರು, ಕೈಯೆತ್ತಿ ಕೊಡುತ್ತಿರುವಾಗ ತಲೆ ಮುಚ್ಚಿಕೊಳ್ಳುವುದು ಅವಮರ್ಯಾದೆ. ಮಕ್ಕಳು ಬತ್ತಲೆ ಓಡಿದರು. ಲೊಮೂರಿಯ ತಾತ ಚಪ್ಪಲಿಯೆರಡನ್ನೂ ತಲೆಯ ಮೇಲೆ ಎತ್ತಿ ಹಿಡಿದು ನಿಂತ. ಹೆಂಗಸರು ಕೆಸರು ಬಳಿದುಕೊಂಡು ಹಾಡಿದರು. ಅಕುವಾಮ್ ದೊಡ್ಡಿಯ ಬೇಲಿ ತೆಗೆದು ಮೇಕೆಗಳನ್ನು ಹೊರಗೆ ಬಿಟ್ಟಳು, ಅವೂ ನೆನೆಯಲಿ, ಅವೂ ಕಾದಿದ್ದವಲ್ಲ. ಉಳಿಸಿದೆ, ಎಲ್ಲವನ್ನೂ ಉಳಿಸಿದೆ ಎಂದು ಅವಳ ಎದೆ ತುಂಬಿ ಬರುತ್ತಿತ್ತು. ಆಗ ಕೊರಕಲಿನ ಆಚೆ ನಪೆಯೊಕ್ ಬಾಗಿಲಲ್ಲಿ ಕಾಣಿಸಿಕೊಂಡಳು.

"ಮೇಕೆಗಳ್ನ ಇತ್ತ ಅಟ್ಟೇ" ಎಂದು ಕೂಗಿದಳು. "ನಡುಗ್ತಾ ಇವೆ."

"ನಡುಗ್ತಿಲ್ಲ ಅಕ್ಕ, ಕುಣೀತಿವೆ" ಎಂದು ಕೂಗಿ ಉತ್ತರ ಕೊಟ್ಟು ಅಕುವಾಮ್ ಹಾಡು ಮುಂದುವರಿಸಿದಳು. ಅವಳ ಸುತ್ತಲಿದ್ದವರು ನಕ್ಕರು.

ಮಳೆ ನಿಲ್ಲಲಿಲ್ಲ. ಕತ್ತಲಾಗುವ ಹೊತ್ತಿಗೆ ಆಲಿಕಲ್ಲು ಬಿತ್ತು, ಗಾಳಿ ತಿರುಗಿ ಬೀಸಿತು. ಅಕುವಾಮ್‌ಗೆ ಹಲ್ಲು ಕಟಕಟಿಸತೊಡಗಿದಾಗ ತನಗೆ ಏನಾಗುತ್ತಿದೆ ಎಂದೇ ತಿಳಿಯಲಿಲ್ಲ. ಜ್ವರವಿಲ್ಲದೆ ಮೈ ನಡುಗಿದ್ದು ಅವಳಿಗೆ ನೆನಪಿರಲಿಲ್ಲ. ಮೇಕೆಗಳನ್ನು ಒಟ್ಟುಗೂಡಿಸಿ ತನ್ನ ಗುಡಿಸಲೊಳಗೆ ನೂಕಿದಳು. ಗುಡಿಸಲು ಎಂದರೆ ಬಗ್ಗಿದ ಕೋಲುಗಳು ಅಷ್ಟೆ, ಒಳಗೂ ಹೊರಗಿನಷ್ಟೇ ಮಳೆ. ಮೈಮೇಲಿನ ಬಟ್ಟೆ ಬಿಚ್ಚಿ ಮರಿಗಳಿಗೆ ಹೊದಿಸಿದಳು. ಮಲಗುವ ಚರ್ಮವನ್ನು ಎರಡು ಮೇಕೆಗಳ ಮೇಲೆ ಎಳೆದಳು, ಮೂರನೆಯದಕ್ಕೆ ಏನೂ ಇರಲಿಲ್ಲ. ನಪೆಯೊಕ್‌ನ ಕಡೆಗೆ ಅಟ್ಟೋಣವೆಂದು ಹೊರಬಂದರೆ ಕೊರಕಲು ಹೊಳೆಯಾಗಿ ಭೋರ್ಗರೆಯುತ್ತಿತ್ತು. ಕೂಗಿದಳು. ತನ್ನ ಕೂಗು ತನಗೇ ಕೇಳಲಿಲ್ಲ. ವಾಪಸ್ ಬಂದು ಮೇಕೆಗಳ ನಡುವೆ ಕೂತು, ಕೈಗೆ ಸಿಕ್ಕ ಮೈಯನ್ನೆಲ್ಲ ಉಜ್ಜಿದಳು.

ಬೆಳಿಗ್ಗೆ ಎಂದಿನ ಸೂರ್ಯ ಹುಟ್ಟಿದ, ಎಂದಿನಂತೆ ಸುಡುವ ಹಾಗೆಯೇ. ಕೂತಲ್ಲೇ ಜೋಂಪು ಹತ್ತಿದ್ದ ಅಕುವಾಮ್ ಕಣ್ಣು ಬಿಟ್ಟಾಗ ಮೇಕೆಗಳು ಅವಳ ಸುತ್ತ ಮಲಗಿದ್ದವು. ಕಪ್ಪು ಮೂತಿಯದೊಂದು ಕೋಲಿಗೆ ಒರಗಿ ನಿಂತೇ ಇತ್ತು, ಕಣ್ಣು ತೆರೆದಿತ್ತು. ಅಬ್ಬ ಎಂದುಕೊಂಡು ಅದರ ಬೆನ್ನು ತಟ್ಟಿದಳು. ಅದು ಕಾಲು ಮಡಿಸದೆ, ನಿಂತ ಹಾಗೆಯೇ, ಹಲಗೆ ಬಿದ್ದಂತೆ ಪಕ್ಕಕ್ಕೆ ಬಿತ್ತು.

ಅವಳು ಇನ್ನೊಂದನ್ನು ಮುಟ್ಟಿದಳು. ಮತ್ತೊಂದರ ಕಿವಿ ಹಿಡಿದೆತ್ತಿದಳು. ಬಟ್ಟೆ ಸರಿಸಿ ಮರಿಗಳನ್ನು ನೋಡಿದಳು. ಬಿಸಿಲು, ಹಸಿವು, ನರಿ, ರೋಗ, ಬೆಟ್ಟದಾಚೆಯ ಕಳ್ಳರು, ಮೇಕೆಯನ್ನು ಕೊಲ್ಲುವ ಎಲ್ಲವೂ ಅವಳಿಗೆ ಗೊತ್ತಿತ್ತು. ಮಳೆ ಆ ಸಾಲಿನಲ್ಲಿ ಇರಲಿಲ್ಲ. ಯಾರಿಗಾಗಿ ಇಷ್ಟು ಕಾಲ ಕಾದಿದ್ದಳೋ ಅವನೇ ಬಂದು ಮನೆ ಲೂಟಿ ಮಾಡಿ ಹೋದ ಹಾಗೆ ಅವಳು ಬೆಪ್ಪಾಗಿ ಕೂತಳು. ಹೊರಗೆ ಕಪ್ಪೆಗಳು ಕೂಗುತ್ತಿದ್ದವು. ಇಡೀ ಹಟ್ಟಿಯಲ್ಲಿ ಒಂದು ಮೇಕೆಯ ದನಿ ಇರಲಿಲ್ಲ. ಎದ್ದು ನೋಡಿದರೆ ಪ್ರತಿ ದೊಡ್ಡಿಯ ಮುಂದೆ ಒಬ್ಬೊಬ್ಬಳು ನಿಂತಿದ್ದಳು. ಯಾರೂ ಅಳುತ್ತಿರಲಿಲ್ಲ. ಎಲ್ಲರ ಮುಖ ಅಕುವಾಮ್‌ನ ಗುಡಿಸಲ ಕಡೆ ಇತ್ತು.

ಕೊರಕಲಿನ ನೀರು ಇಳಿದ ಮೇಲೆ ನಪೆಯೊಕ್ ಬಂದಳು. ಕಿವಿ ಹಿಡಿದು ಎಳೆದುಕೊಂಡು ಬರುತ್ತಿದ್ದದ್ದು ಕಳ್ಳಿಯನ್ನು.

"ಸಂಜೇನೇ ಒಳಗೆ ನುಗ್ಗಿತ್ತು. ಎರಡೇಟು ಹಾಕ್ದೆ, ಹೋಗ್ಲಿಲ್ಲ. ನನ್ನ ಬೆನ್ನಿಗೆ ಒರಗಿ ಮಲಗಿತ್ತು" ಎಂದಳು. ಆಮೇಲೆ ಗುಡಿಸಲೊಳಗೆ ಇಣುಕಿ ನೋಡಿದಳು.

"ಬಿಸಿಲಿಗೆ ಸಾಯದ್ದು ಮಳೆಗೆ ಸಾಯುತ್ತಾ ಅಕ್ಕ?" ಎಂದು ಕೇಳಿದಳು ಅಕುವಾಮ್. ಜಗಳದ ದನಿಯಲ್ಲ, ಮಗು ಕೇಳಿದ ಹಾಗೆ ಕೇಳಿದಳು.

"ನಂಗೂ ಗೊತ್ತಿರ್ಲಿಲ್ಲ ಕಣೇ. ನಡುಗೋದು ಕಂಡಿತು, ಹೇಳ್ದೆ ಅಷ್ಟೆ."

ಗೊತ್ತಿತ್ತು, ನಾನು ಹೇಳಿದ್ದೆ ಎಂದು ಅವಳು ಹಾರಾಡಿದ್ದರೆ ಅಕುವಾಮ್‌ಗೆ ಉಸಿರಾದರೂ ಆಡುತ್ತಿತ್ತು. ಹಟ್ಟಿಯವರೂ ಯಾರೂ ಬೈಯಲಿಲ್ಲ. ಅವಳು ಒರತೆಗೆ ಹೋದರೆ ಸುಮ್ಮನೆ ದಾರಿ ಬಿಟ್ಟರು. ಆ ಹಳೇ ತಮಾಷೆಯ ಮಾತನ್ನು ಅವಳೆದುರು ಮತ್ತೆ ಯಾರೂ ಆಡಲಿಲ್ಲ. ಮಾತಿನಲ್ಲಿ ಬದುಕಿದವಳಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಬೇಡ.

ನೋಡನೋಡುತ್ತ ನೆಲವೆಲ್ಲ ಹಸಿರಾಯಿತು. ಜಾಲಿ ಚಿಗುರಿತು, ಕಲ್ಲುಗಳ ಸಂದಿಯಲ್ಲೂ ಹುಲ್ಲು ಬಂತು. ಮೇಯುವವರಿಲ್ಲದ ಹುಲ್ಲು ನೋಡಿ ಅಕುವಾಮ್‌ಗೆ ಮೈ ಉರಿಯುತ್ತಿತ್ತು. ಕಳ್ಳಿಯಂತೂ ಒಂಟಿಯಾಗಿ ಮೇಯುತ್ತಿರಲಿಲ್ಲ. ಅವಳು ಪಕ್ಕದಲ್ಲಿ ಕೂತರೆ ಮಾತ್ರ ನಾಲ್ಕು ಬಾಯಿ ತಿಂದು, ತಲೆಯೆತ್ತಿ, ಉಳಿದವರನ್ನು ಕರೆಯುವಂತೆ ಕೂಗುತ್ತಿತ್ತು. ಒಂದು ಮಧ್ಯಾಹ್ನ ಅದನ್ನು ಹೊಡೆದುಕೊಂಡು ಮನೆಗೆ ಬಂದಾಗ ಅಕುವಾಮ್‌ನ ಬೋಳು ಕೋಲುಗಳ ಒಂದು ಮಗ್ಗುಲಿಗೆ ಗರಿ ಹೊದಿಸಿತ್ತು. ಕೊರಕಲಿನ ಆಚೆ ನಪೆಯೊಕ್‌ನ ಗುಡಿಸಲು ಅರ್ಧ ಬೋಳಾಗಿತ್ತು. ನಪೆಯೊಕ್ ಕೋಲಿನ ಮೇಲೆ ಹತ್ತಿ ಕೂತು ನಾರು ಬಿಗಿಯುತ್ತಿದ್ದಳು.

"ಬಾಯಿ ಬಿಟ್ಕೊಂಡು ನೋಡ್ತಾ ನಿಂತ್ರೆ ಅದೇ ಕಟ್ಟಿಕೊಳ್ಳುತ್ತಾ? ಆ ಕಡೆ ಹಗ್ಗ ಹಿಡಿ" ಎಂದಳು.

ಅಕುವಾಮ್ ಹಗ್ಗ ಹಿಡಿದಳು.

ಎಕಿದೋರ ಮತ್ತು ಎಬೆಯ್ ಬಂದದ್ದು ಹುಲ್ಲು ಮೊಣಕಾಲಿಗೆ ಬಂದ ಮೇಲೆ. ಒಂಟೆಗಳು ಬದುಕಿದ್ದವು, ಡುಬ್ಬ ಮತ್ತೆ ತುಂಬಿಕೊಳ್ಳುತ್ತಿತ್ತು. ಎಬೆಯ್ ತಲೆಗೆ ಹೊಸ ಹಕ್ಕಿಗರಿ ಸಿಕ್ಕಿಸಿಕೊಂಡು, ಮದುವೆ ಗಂಡಿನ ಠೀವಿಯಲ್ಲೇ ನಡೆದು ಬಂದ. ದೂರದಿಂದಲೇ ಅಪ್ಪ ಮಗನ ನಗು ಕೇಳುತ್ತಿತ್ತು.

"ದಾರಿಯುದ್ದಕ್ಕೂ ಇದೇ ಮಾತು" ಎಂದ ಎಕಿದೋರ, ಮಣೆ ಇಟ್ಟು ಕೂರುತ್ತ. "ಈ ವರ್ಷಕ್ಕೆ ಹೆಸರು ಬಿದ್ದಿದೆ ಗೊತ್ತಾ? ಸೂರು ಮೇಯ್ದ ವರ್ಷ ಅಂತೆ. ಲೊಡ್ವಾರ್ ಪೇಟೇಲೂ ಹಾಗೇ ಅಂತಿದಾರೆ. ಹೊಳೆ ಕಡೆ ಯಾವಳೋ ಒಬ್ಬಳು ಮೇಕೆಗೆ ಮನೆ ತಿನ್ನಿಸಿದಳಂತೆ, ಮಳೆ ಬಂದ ರಾತ್ರಿ ಎಲ್ಲಾ ಸತ್ತವಂತೆ. ನಿಮಗೆ ಗೊತ್ತಿರ್ಬೇಕಲ್ಲ, ಯಾರ ಮನೆಯವಳು?"

ಅಕುವಾಮ್ ಒರತೆ ಬಿಟ್ಟು ಆಚೆ ಹೋಗಿರಲಿಲ್ಲ, ಅವಳ ತಪ್ಪು ಪೇಟೆ ದಾಟಿ ಬೆಟ್ಟ ಹತ್ತಿತ್ತು. ಇನ್ನು ಈ ಸೀಮೆಯಲ್ಲಿ ಹುಟ್ಟಿದ ಮಗುವಿನ ವಯಸ್ಸನ್ನೂ ಸತ್ತ ಮುದುಕನ ದಿನವನ್ನೂ ಅದರಿಂದಲೇ ಎಣಿಸುತ್ತಾರೆ. ಏನಾದರೂ ಹೇಳಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ನಪೆಯೊಕ್ ಮಾತಾಡಿದಳು.

"ಈ ಮನೆಯವರೇ, ನಾವೇ. ಎರಡೂ ಸೂರು ಕಾಣ್ತಿಲ್ವಾ ನಿಮಗೆ? ಇಬ್ರೂ ಸೇರಿ ಕಿತ್ವಿ."

ಎಕಿದೋರ ಎರಡು ಗುಡಿಸಲನ್ನೂ ನೋಡಿದ. ಎರಡೂ ಅರ್ಧ ಅರ್ಧ. ಯಾವಳು ಮೊದಲು ಎಂದು ಆ ಗರಿಗಳು ಹೇಳುತ್ತಿರಲಿಲ್ಲ. ಅವನ ನಗು ನಿಂತಿತು. ಎಬೆಯ್ ಇದ್ಯಾವುದನ್ನೂ ಕೇಳಿಸಿಕೊಂಡಿರಲಿಲ್ಲ. ಅವನು ನೇರ ದೊಡ್ಡಿಗೆ ಹೋಗಿ, ಬೇಲಿಯ ಮೇಲಿಂದ ಬಗ್ಗಿ, ಒಳಗಿದ್ದ ಒಂದೇ ಮೇಕೆಯ ತಲೆ ಸವರಿದ.

"ಇದೊಂದನ್ನ ಯಾಕೆ ಒಳಗೆ ಕೂಡಿದ್ದೀಯ ಅವ್ವ? ಮಿಕ್ಕವು ಮೇಯೋಕೆ ಹೋಗಿದಾವಾ?"

ನಪೆಯೊಕ್ ಮತ್ತೆ ಬಾಯಿ ತೆರೆದಳು. ಅಕುವಾಮ್ ಅವಳ ತೋಳು ಹಿಡಿದು ನಿಲ್ಲಿಸಿದಳು.

"ಇಲ್ಲ ಕಣಪ್ಪ" ಎಂದಳು ಮಗನಿಗೆ. "ದಾರಿಯುದ್ದಕ್ಕೂ ನಕ್ಕೊಂಡು ಬಂದ್ರಲ್ಲ, ಆ ವರ್ಷ ನಂದೇ."